ಗಂಡಿನ ಕಡೆಯವರು ಬಂದಾಗ ಕಿವಿ ಮಿಷನ್ ಬಿಚ್ಚಿಡಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಬಂಗಾರಪೇಟೆ. ಮಗಳಿಗೆ 26 ವರ್ಷ. ಆರನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ವಾಸಿಯಾದ ಮೇಲೆ ಕಿವಿ ಮಂದ ಆಯಿತು. ಎರಡೂ ಕಿವಿಗೆ, ಹಿಂದೆ ಕೂರುವಂಥ ಮಿಷನ್ ಹಾಕುತ್ತಾಳೆ. ಬಿ.ಕಾಂ. ಮಾಡಿದ್ದಾಳೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಕೌಂಟ್ಸ್ ಕೆಲಸ ಮಾಡುತ್ತಾಳೆ. ಈಗ ಗಂಡು ನೋಡುತ್ತಿದ್ದೇವೆ. ಹೋದ ತಿಂಗಳು ಒಂದು ಮನೆಯವರು ಬಂದಾಗ ನಮ್ಮ ಯಜಮಾನರು, ಅವರ ಅಕ್ಕ ಸೇರಿ ಮಿಷನ್ ಬಿಚ್ಚಿಸಿ, ಕಿವಿ ಮುಚ್ಚುವ ಹಾಗೆ ಕೂದಲು ಬಿಡಿಸಿ ಕೂರಿಸಿದರು. ಹುಡುಗನ ತಾಯಿ ಏನೋ ಕೇಳಿದರೆ ಇವಳು ಇನ್ನೇನೋ ಹೇಳಿದಳು. ಆಮೇಲೆ ಅವರು ‘ಹುಡುಗಿ ಸ್ವಲ್ಪ ಮಂಕು ಅನ್ನಿಸ್ತು’ ಅಂತ ಬ್ರೋಕರ್ ಕೈಲಿ ಹೇಳಿ ಕಳಿಸಿದರು. ಅವತ್ತಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಯಜಮಾನರಿಗೂ ಕಿವಿ ಸರಿಯಾಗಿ ಕೇಳಿಸಲ್ಲ. ಕೆಜಿಎಫ್ ಗಣಿ ಮುಚ್ಚುವ ತನಕ ಒಳಗೆ ಡ್ರಿಲ್ ಕೆಲಸ ಮಾಡಿದವರು. ಆದರೆ ಅವರು ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ಮಿಷನ್ ಬರುತ್ತಂತೆ, ಮಗಳಿಗೆ ಅದನ್ನು ಹಾಕಿಸಬಹುದಾ? ಆಪರೇಷನ್ ಮಾಡಿಸಿದರೆ ಸರಿಹೋಗುತ್ತಾ? ಗಂಡಿನ ಕಡೆಯವರಿಗೆ ಯಾವಾಗ, ಹೇಗೆ ಹೇಳಬೇಕು? — ಹೆಸರು ಬೇಡ, ಬಂಗಾರಪೇಟೆ

ಉತ್ತರ: ಅಮ್ಮ, ಒಂದೊಂದಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು. ಇನ್ನು ಮುಂದೆ ಯಾರೇ ನೋಡೋಕೆ ಬರಲಿ, ಮಗಳ ಕಿವಿಯಿಂದ ಮಿಷನ್ ತೆಗೆಸಬೇಡಿ. ಅವತ್ತು ಅವಳು ‘ಮಂಕು’ ಅನ್ನಿಸಿಕೊಂಡಿದ್ದಕ್ಕೆ ಕಾರಣ ಅವಳ ಕಿವಿ ಅಲ್ಲ. ಮಿಷನ್ ಬಿಚ್ಚಿಸಿದ್ದೇ ಕಾರಣ. ಇದು ನಿಮ್ಮ ಮನೆಯವರಿಗೆಲ್ಲ ಅರ್ಥ ಆಗಬೇಕು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೆದುಳು ಜ್ವರ ಬಂದವರಲ್ಲಿ ಪೆಟ್ಟು ಬೀಳುವುದು ಒಳಗಿವಿಗೆ. ಶಂಖದ ಹಾಗೆ ಸುರುಳಿ ಸುತ್ತಿಕೊಂಡಿರುವ ಆ ಭಾಗದಲ್ಲಿ ಒಂದೊಂದು ಕಿವಿಗೂ ಸುಮಾರು 15,000 ಕೇಳುವ ಕೋಶಗಳಿರುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಇಂಥ ನರದ ಕಿವುಡಿನಲ್ಲಿ ಸಾಮಾನ್ಯವಾಗಿ ಸಣ್ಣ, ಕೀರಲು ಸದ್ದು ಹಿಡಿಯುವ ಕೋಶಗಳೇ ಜಾಸ್ತಿ ಹಾಳಾಗಿರುತ್ತವೆ. ನಮ್ಮ ಮಾತಿನಲ್ಲಿ ಆ, ಊ, ಓ ಎಲ್ಲ ದಪ್ಪ ಸದ್ದುಗಳು, ಗಟ್ಟಿಯಾಗಿ ಬರುತ್ತವೆ. ಸ, ಶ, ಕ, ತ, ಹ ತೆಳ್ಳಗಿನ ಸದ್ದುಗಳು. ಹಾಲು, ಸಾಲು, ಕಾಲು, ಪಾಲು ಅಂತ ನಾಲ್ಕು ಮಾತು ಹೇಳಿದರೆ ಇವರ ಕಿವಿಗೆ ನಾಲ್ಕೂ ‘ಆಲು’ ಅಂತಲೇ ಬೀಳಬಹುದು. ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಏನು ಅಂತ ತಿಳಿಯುವುದಿಲ್ಲ. ಹಾಗಾಗಿಯೇ ಮನೆಯವರು ‘ಬೇಕಾದಾಗ ಕೇಳಿಸುತ್ತೆ, ಬೇಡದಾಗ ಕೇಳಿಸಲ್ಲ’ ಅಂತ ಬೈಯುವುದು.

ಇವರು ಮಿಕ್ಕಿದ್ದನ್ನು ಹೇಗೆ ತುಂಬಿಕೊಳ್ಳುತ್ತಾರೆ ಗೊತ್ತಾ? ಎದುರಿನವರ ತುಟಿ ನೋಡಿ, ಮುಖ ನೋಡಿ, ಮಾತು ಎಲ್ಲಿಗೆ ಹೋಗುತ್ತಿದೆ ಅಂತ ಊಹೆ ಮಾಡಿ. ಈಗ ಅವತ್ತಿನ ನಿಮ್ಮ ನಡುಮನೆಯನ್ನು ನೆನಪಿಸಿಕೊಳ್ಳಿ. ಫ್ಯಾನ್ ತಿರುಗುತ್ತಿತ್ತು. ಸ್ಟೀಲ್ ತಟ್ಟೆ, ಲೋಟದ ಸದ್ದು ಇತ್ತು. ಒಂದು ಕಡೆ ಗಂಡಸರ ಮಾತು, ಇನ್ನೊಂದು ಕಡೆ ಹೆಂಗಸರ ಮಾತು. ನೋಡೋಕೆ ಬಂದಾಗ ಹುಡುಗಿ ತಲೆ ತಗ್ಗಿಸಿ ಕೂರಬೇಕು ಅಂತ ದೊಡ್ಡವರು ಹೇಳಿರುತ್ತಾರೆ. ತಲೆ ತಗ್ಗಿಸಿದರೆ ತುಟಿ ಕಾಣುವುದಿಲ್ಲ. ಮಿಷನ್ ಇಲ್ಲ, ತುಟಿಯೂ ಇಲ್ಲ. ಹುಡುಗನ ತಾಯಿ ‘ಎಷ್ಟು ಹೊತ್ತಿಗೆ ಬರ್ತೀಯಮ್ಮ ಕೆಲಸದಿಂದ’ ಅಂತ ಕೇಳಿರಬಹುದು, ಇವಳಿಗೆ ‘ಎಷ್ಟು ಬರುತ್ತೆ’ ಅಂತ ಕೇಳಿಸಿ ಸಂಬಳ ಹೇಳಿರಬಹುದು. ಏನಾಯಿತೋ ನನಗೆ ಗೊತ್ತಿಲ್ಲ, ಆದರೆ ಇಂಥದ್ದೇ ಏನೋ ಆಗಿರುತ್ತದೆ. ಬಂದವರಿಗೆ ಕಾರಣ ತಿಳಿದಿಲ್ಲ. ಕಾರಣ ತಿಳಿಯದಿದ್ದಾಗ ಜನ ತಮಗೆ ತೋಚಿದ ಕಾರಣ ಹಚ್ಚುತ್ತಾರೆ. ಮಂಕು ಅನ್ನುತ್ತಾರೆ, ಜಂಬ ಅನ್ನುತ್ತಾರೆ, ‘ಮದುವೆ ಇಷ್ಟ ಇಲ್ಲ ಅನ್ಸುತ್ತೆ’ ಅನ್ನುತ್ತಾರೆ. ಮಿಷನ್ ಕಂಡಿದ್ದರೆ ಹೆಚ್ಚೆಂದರೆ ‘ಕಿವಿ ಸ್ವಲ್ಪ ಮಂದ’ ಅನ್ನುತ್ತಿದ್ದರು. ಅದಾದರೂ ನಿಜ.

ಇದು ಮದುವೆಗೆ ಮಾತ್ರ ಸಂಬಂಧಪಟ್ಟಿದ್ದಲ್ಲ. ಕೋಲಾರದ ಟೊಮೆಟೊ ಮಂಡಿಯಲ್ಲಿ ವ್ಯಾಪಾರ ಮಾಡುವ ಒಬ್ಬರು ನನ್ನ ಹತ್ತಿರ ಬರುತ್ತಾರೆ. ಒಳ್ಳೆಯ ಮಿಷನ್ ಕೊಂಡಿದ್ದರು. ಮನೆಯಲ್ಲಿ ಹಾಕುವುದು, ಮಂಡಿಗೆ ಹೊರಡುವಾಗ ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುವುದು. ‘ಕೆಪ್ಪ ಅಂತ ಗೊತ್ತಾದರೆ ತೂಕದಲ್ಲಿ, ರೇಟಲ್ಲಿ ಆಟ ಆಡಿಸ್ತಾರೆ ಮೇಡಂ’ ಅನ್ನುತ್ತಿದ್ದರು. ಹರಾಜಿನ ಗದ್ದಲದಲ್ಲಿ ಒಂದು ದಿನ ಹದಿನೈದು ಕೆಜಿ ಬಾಕ್ಸಿಗೆ ಇನ್ನೂರ ಐವತ್ತು ಅಂದಿದ್ದು ಇವರಿಗೆ ಮುನ್ನೂರ ಐವತ್ತು ಅಂತ ಕೇಳಿಸಿತು. ರೈತರಿಗೆ ಆ ರೇಟೇ ಹೇಳಿಬಿಟ್ಟರು. ಆಮೇಲೆ ವ್ಯತ್ಯಾಸದ ದುಡ್ಡನ್ನು ಕೈಯಿಂದ ಕಟ್ಟಿಕೊಟ್ಟರು. ತಮಾಷೆ ಅಲ್ಲ, ಅವತ್ತು ಅವರು ನನ್ನ ಎದುರು ಕೂತು ಅತ್ತರು. ಅಳು ಬಂದಿದ್ದು ದುಡ್ಡು ಹೋಗಿದ್ದಕ್ಕಲ್ಲ. ‘ಇವನು ಕಿವುಡ ಅಂತ ಮೊದಲೇ ಎಲ್ಲರಿಗೂ ಗೊತ್ತಿತ್ತಂತೆ, ನಾನೊಬ್ಬನೇ ಮುಚ್ಚಿಡ್ತಾ ಇದ್ದೆ’ ಅಂದರು. ಈಗ ಮಂಡಿಗೂ ಮಿಷನ್ ಹಾಕಿಕೊಂಡೇ ಹೋಗುತ್ತಾರೆ. ರೇಟನ್ನು ಬೆರಳಲ್ಲೂ ತೋರಿಸಿ ಅಂತ ಬಾಯಿಬಿಟ್ಟು ಕೇಳುತ್ತಾರೆ.

ಹಾಗಂತ ನಿಮ್ಮ ಯಜಮಾನರನ್ನು, ಅವರ ಅಕ್ಕನನ್ನು ನಾನು ಬೈಯುವುದಿಲ್ಲ. ಅವರಿಗೆ ಆ ಭಯ ಸುಮ್ಸುಮ್ನೆ ಬಂದಿಲ್ಲ. ನಾವು ಬೆಳೆದಿದ್ದೇ ಕಿವುಡರನ್ನು ನೋಡಿ ನಗುವ ನಾಟಕ, ಸಿನಿಮಾ ನೋಡಿಕೊಂಡು. ಒಂದು ಕೇಳಿದರೆ ಇನ್ನೊಂದು ಹೇಳುವ ಅಜ್ಜ ಬಂದರೆ ಜನ ಚಪ್ಪಾಳೆ ಹೊಡೆಯುತ್ತಾರೆ. ಎರಡು ಸಲ ‘ಏನು?’ ಅಂತ ಕೇಳಿದರೆ ಸಾಕು, ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು’ ಅನ್ನುವವರು ಮನೆ ಮನೆಯಲ್ಲೂ ಇದ್ದಾರೆ. ಕಿವಿ ಕೇಳದಿರುವುದಕ್ಕೂ ಬುದ್ಧಿ ಇಲ್ಲದಿರುವುದಕ್ಕೂ ನಮ್ಮ ಮಾತಿನಲ್ಲೇ ಗಂಟು ಬಿದ್ದುಬಿಟ್ಟಿದೆ. ಕಿವಿಯಲ್ಲಿ ಮಿಷನ್ ಕಂಡ ಕೂಡಲೇ ಜನರ ಮನಸ್ಸಿಗೆ ಬರುವುದು ಆ ನಾಟಕದ ಅಜ್ಜ.

ಇದು ನಮ್ಮ ಊರಿನ ತೊಂದರೆ ಮಾತ್ರ ಅಂದುಕೊಳ್ಳಬೇಡಿ. 1977ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಮಿಷನ್ ಹಾಕಿಕೊಂಡಿರುವ ಫೋಟೋ, ಹಾಕದಿರುವ ಫೋಟೋ ತೋರಿಸಿ ‘ಇವರು ಎಷ್ಟು ಬುದ್ಧಿವಂತರು, ನೋಡೋಕೆ ಹೇಗಿದ್ದಾರೆ’ ಅಂತ ಕೇಳಿದರು. ಮಿಷನ್ ಇದ್ದ ಫೋಟೋಗಳಿಗೆ ಕಡಿಮೆ ಅಂಕ ಬಿತ್ತು. ಇದಕ್ಕೆ ‘ಹಿಯರಿಂಗ್ ಏಡ್ ಎಫೆಕ್ಟ್’ ಅಂತ ಹೆಸರೂ ಬಂತು. ಆಮೇಲೆ 1983ರಲ್ಲಿ, ಅಧ್ಯಕ್ಷರಾಗಿದ್ದಾಗಲೇ ರೊನಾಲ್ಡ್ ರೇಗನ್ ಕಿವಿಗೆ ಮಿಷನ್ ಹಾಕಿಕೊಂಡು ಎಲ್ಲರ ಮುಂದೆ ಬಂದರು. ಅಲ್ಲಿ ಮಿಷನ್ ಕೊಳ್ಳುವವರೇ ಜಾಸ್ತಿಯಾದರು. ಇತ್ತೀಚಿನ ವರ್ಷಗಳಲ್ಲಿ ಅದೇ ಥರದ ಫೋಟೋ ಪರೀಕ್ಷೆ ಮತ್ತೆ ಮಾಡಿದಾಗ ಹಳೆಯ ವ್ಯತ್ಯಾಸ ಹೆಚ್ಚುಕಡಿಮೆ ಕಾಣಲೇ ಇಲ್ಲ. ಯಾಕೆ ಅಂತ ತಿಳಿಯಲು ನಿಮ್ಮ ಮಗಳು ಹೋಗುವ ರೈಲಿನ ಬೋಗಿಯನ್ನೇ ನೋಡಿ. ಬಂಗಾರಪೇಟೆಯಿಂದ ಬೆಂಗಳೂರಿನ ತನಕ ಅರ್ಧಕ್ಕರ್ಧ ಜನರ ಕಿವಿಯಲ್ಲಿ ಏನಾದರೂ ಒಂದು ಸಿಕ್ಕಿಸಿಕೊಂಡೇ ಇರುತ್ತದೆ. ಕಿವಿಯಲ್ಲಿ ಏನೋ ಇದೆ ಅಂತ ಯಾರೂ ತಿರುಗಿ ನೋಡುವುದಿಲ್ಲ.

ಕನ್ನಡಕದ ಕಥೆಯೂ ಒಂದು ಕಾಲಕ್ಕೆ ಹೀಗೇ ಇತ್ತು. ಹೆಣ್ಣು ನೋಡೋಕೆ ಬಂದರೆ ಕನ್ನಡಕ ತೆಗೆಸಿ ಕೂರಿಸುತ್ತಿದ್ದರು, ನಿಮಗೂ ನೆನಪಿರಬೇಕು. ಈಗ ಅದನ್ನು ಯಾರೂ ಕೇಳುವುದೇ ಇಲ್ಲ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಕನ್ನಡಕ ಹಾಕಿದ ತಕ್ಷಣ ಹೆಚ್ಚಿನವರಿಗೆ ಪೂರ್ತಿ ಕಾಣುತ್ತದೆ. ಮಿಷನ್ ಹಾಕಿದ ತಕ್ಷಣ ಪೂರ್ತಿ ಕೇಳಿಸುವುದಿಲ್ಲ. ಸದ್ದನ್ನು ದೊಡ್ಡದು ಮಾಡಿ, ತಿದ್ದಿ ಕೊಡುತ್ತದೆ, ಆದರೆ ಸತ್ತ ಕೋಶಗಳ ಕೆಲಸ ಮಾಡುವುದಿಲ್ಲ. ಗದ್ದಲದಲ್ಲಿ ಕಷ್ಟ, ದೂರದಿಂದ ಮಾತಾಡಿದರೆ ಕಷ್ಟ. ‘ಮಿಷನ್ ಹಾಕಿದ್ದೀಯಲ್ಲ, ಇನ್ನೂ ಯಾಕೆ ಕೇಳಿಸಲ್ಲ’ ಅನ್ನುವ ಮಾತು ಮಿಷನ್ ಹಾಕುವವರಿಗೆ ಅತಿ ಹೆಚ್ಚು ನೋವು ಕೊಡುವ ಮಾತು. ಅದನ್ನು ಆಡುವವರು ಪ್ರೀತಿ ಇರುವವರೇ ಆಗಿರುತ್ತಾರೆ.

ಈಗ ‘ಕಣ್ಣಿಗೆ ಕಾಣದ ಮಿಷನ್’. ಇದೆ. ಕಿವಿಯ ಓಣಿಯೊಳಗೆ ಪೂರ್ತಿ ಕೂರುವಂಥದ್ದು. ಹೊರಗೆ ತೆಗೆಯಲು ಒಂದು ಸಣ್ಣ ದಾರದಂಥ ಕಡ್ಡಿ ಮಾತ್ರ ಇರುತ್ತದೆ. ನಿಮ್ಮ ಮಗಳಿಗೆ ಆಗುತ್ತದೋ ಇಲ್ಲವೋ ಅಂತ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ಗೆರೆಚಿತ್ರ, ನೋಡದೆ ಹೇಳುವುದು ಸರಿಯಲ್ಲ. ಸ್ವಲ್ಪ ಅಥವಾ ಮಧ್ಯಮ ಮಟ್ಟದ ತೊಂದರೆ ಇದ್ದವರಿಗೆ ಅದು ಸಾಕಾಗುತ್ತದೆ. ತೊಂದರೆ ಜಾಸ್ತಿ ಇದ್ದರೆ ಅಷ್ಟು ಚಿಕ್ಕ ಮಿಷನ್ನಿನ ಶಕ್ತಿ ಸಾಲದು, ಕುಂಯ್ ಅಂತ ಕೂಗುವುದೂ ಜಾಸ್ತಿ. ಒಳಗಿನ ಬೆವರು, ಗುಗ್ಗೆ ನೇರ ಅದಕ್ಕೇ ತಾಕುವುದರಿಂದ ಬೇಗ ಕಟ್ಟಿಕೊಳ್ಳುತ್ತದೆ. ಸೆಲ್ಲು ಹುಣಸೆ ಬೀಜಕ್ಕಿಂತಲೂ ಚಿಕ್ಕದು, ವಾರದೊಳಗೆ ಮುಗಿದುಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ. ಕಿವಿ ಹಿಂದೆ ಕೂರುವ ಮಿಷನ್ನಿಗೆ ಸಾಮಾನ್ಯವಾಗಿ ಎರಡು ಮೈಕ್ ಇರುತ್ತವೆ. ಎದುರಿಗೆ ಮಾತಾಡುವವರ ದನಿಯನ್ನು ಎತ್ತಿ, ಹಿಂದಿನ ಗದ್ದಲವನ್ನು ತಗ್ಗಿಸುವುದು ಆ ಎರಡು ಮೈಕಿನಿಂದ. ಒಳಗೆ ಕೂರುವ ಪುಟ್ಟ ಮಿಷನ್ನಿನಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ದಿನಾ ರೈಲು, ಆಫೀಸು ಅಂತ ಓಡಾಡುವ ಹುಡುಗಿಗೆ ಆ ಅನುಕೂಲ ಕಳೆದುಕೊಳ್ಳುವುದು ಸಣ್ಣ ವಿಷಯ ಅಲ್ಲ.

ಅವಳಿಗೇ ಚಿಕ್ಕದು ಬೇಕು ಅನ್ನಿಸಿದರೆ ಖಂಡಿತ ನೋಡೋಣ. ನೋಡೋಕೆ ಚೆನ್ನಾಗಿರಬೇಕು ಅನ್ನುವ ಆಸೆ ತಪ್ಪಲ್ಲ. ಹಿಂದೆ ಕೂರುವುದರಲ್ಲೂ ಈಗ ತೆಳು ವೈರಿನ, ಬೆರಳಿನ ತುದಿಯಷ್ಟು ಚಿಕ್ಕ ಮಿಷನ್‌ಗಳಿವೆ. ಆದರೆ ಅಪ್ಪನಿಗೆ ನಾಚಿಕೆ ಆಗುತ್ತದೆ ಅಂತ ಮಗಳ ಮಿಷನ್ ಬದಲಾಯಿಸಬಾರದು. ಕೇಳುವುದು ಅವಳ ಕಿವಿ, ಆರಿಸುವುದೂ ಅವಳೇ ಆಗಬೇಕು.

ಆಪರೇಷನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಿವಿಯ ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ, ನಡುಗಿವಿಯ ಪುಟ್ಟ ಮೂಳೆ ಬಿಗಿದುಕೊಂಡಿದ್ದರೆ ಆಪರೇಷನ್ನಿನಿಂದ ಉಪಯೋಗ ಇದೆ. ಮೆದುಳು ಜ್ವರದ ನಂತರದ ಒಳಗಿವಿಯ ತೊಂದರೆಗೆ ಅದು ನಡೆಯುವುದಿಲ್ಲ. ಮಿಷನ್ನಿನಿಂದಲೂ ಅಷ್ಟಾಗಿ ಉಪಯೋಗ ಆಗದಷ್ಟು ತೊಂದರೆ ಇದ್ದವರಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಗೇ ಒಂದು ಸಾಧನ ಕೂರಿಸುವ ಆಪರೇಷನ್, ಮಾಡುತ್ತಾರೆ. ನಿಮ್ಮ ಮಗಳು ಮಿಷನ್ ಹಾಕಿಕೊಂಡು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಳೆ ಅಂದರೆ ಅವಳಿಗೆ ಅದು ಬೇಕಾಗುವ ಸಾಧ್ಯತೆ ಕಡಿಮೆ. ಅಲ್ಲದೆ ಇಂಪ್ಲಾಂಟ್ ಮಾಡಿಸಿದವರೂ ಕಿವಿ ಹಿಂದೆ ಒಂದು ಸಾಧನ ಹಾಕಲೇಬೇಕು, ಅದು ಮಿಷನ್ನಿಗಿಂತ ಜಾಸ್ತಿಯೇ ಕಾಣುತ್ತದೆ. ಮುಚ್ಚಿಡುವ ಆಸೆಗೆ ಅದು ದಾರಿಯಲ್ಲ.

ಗಂಡಿನ ಕಡೆಯವರಿಗೆ ಹೇಳುವ ಮಾತಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಅವರು ಮನೆಗೆ ಬರುವ ಮುಂಚೆಯೇ ತಿಳಿದಿರಬೇಕು. ಬಯೋಡೇಟಾದಲ್ಲಿ ವಿದ್ಯೆ, ಕೆಲಸ ಎಲ್ಲ ಬರೆದ ಮೇಲೆ ಒಂದು ಸಾಲು ಸಾಕು: ‘ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಮಂದವಾಗಿದೆ, ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುತ್ತಾಳೆ, ಫೋನಿನಲ್ಲಿ ಮಾತಾಡುತ್ತಾಳೆ’ ಅಂತ. ಕೊನೆಯ ಮಾತು ಅವಳ ವಿಷಯದಲ್ಲಿ ನಿಜವಾಗಿದ್ದರೆ ಮಾತ್ರ ಬರೆಯಿರಿ. ‘ದೋಷ’, ‘ಕೊರತೆ’, ‘ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಬೇಕು’ ಅನ್ನುವ ಮಾತೆಲ್ಲ ಬೇಡ. ಬ್ರೋಕರ್‌ಗೂ ಇದೇ ಮಾತನ್ನು ಇಷ್ಟೇ ಸಲೀಸಾಗಿ ಹೇಳಿ. ಅವನು ‘ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ’ ಅಂದರೆ ಆ ಬ್ರೋಕರ್ ಬೇಡ.

ಇದರಿಂದ ಬರುವವರ ಸಂಖ್ಯೆ ಕಡಿಮೆ ಆಗುತ್ತದೆ. ಆಗುವುದಿಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ಹಾಗೆ ಬಿಟ್ಟುಹೋಗುವ ಮನೆಗೆ ಅವಳು ಸೊಸೆಯಾಗಿ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ರಾತ್ರಿ ಮಿಷನ್ ತೆಗೆದು ಮಲಗಲೇಬೇಕು. ಸ್ನಾನಕ್ಕೆ ತೆಗೆಯಬೇಕು. ಎಷ್ಟು ದಿನ ಮುಚ್ಚಿಡುತ್ತಾಳೆ? ಮದುವೆಯಾದ ಮೇಲೆ ಕದ್ದು ಸೆಲ್ಲು ಬದಲಾಯಿಸುತ್ತಿದ್ದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಆ ಗುಂಡಿಯಂಥ ಸೆಲ್ಲಿನ ಹಿಂದಿನ ಅಂಟು ಕಾಗದ ಕಿತ್ತು, ಅದನ್ನು ಎಲ್ಲಿ ಎಸೆಯುವುದು ಅಂತ ತಿಳಿಯದೆ ಬ್ಲೌಸಿನೊಳಗೆ ಇಟ್ಟುಕೊಳ್ಳುತ್ತಿದ್ದರು. ನಿಮ್ಮ ಮಗಳಿಗೆ ಅಂಥ ಬಾಳು ಬೇಡ. ಕಾನೂನಿನ ಮಾತೂ ಇದೆ. ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮುಖ್ಯವಾದ ಸಂಗತಿಯಲ್ಲಿ ಮೋಸ ಮಾಡಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು. ಮುಚ್ಚಿಟ್ಟಿದ್ದು ಮುಂದೆ ಹೆಣ್ಣಿನ ಕಡೆಗೇ ತಿರುಗಿಬೀಳಬಹುದು.

ಅವರು ಕೇಳಿಯೇ ಕೇಳುವ ಪ್ರಶ್ನೆ: ‘ಮಕ್ಕಳಿಗೂ ಬರುತ್ತಾ?’ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಮೆದುಳು ಜ್ವರದಿಂದ ಆದ ಕಿವುಡು ರಕ್ತದಲ್ಲಿ ಬರುವಂಥದ್ದಲ್ಲ. ಜ್ವರಕ್ಕೆ ಮುಂಚೆ ಅವಳಿಗೆ ಚೆನ್ನಾಗಿ ಕೇಳಿಸುತ್ತಿತ್ತು, ಮಾತು ಸರಿಯಾಗಿ ಬಂದಿತ್ತು ಅಂದರೆ ಅದು ದೊಡ್ಡ ಆಧಾರ. ಆಗಿನ ಆಸ್ಪತ್ರೆ ಚೀಟಿ, ಡಿಸ್ಚಾರ್ಜ್ ಕಾಗದ ಇದ್ದರೆ ಹುಡುಕಿ ತೆಗೆದಿಡಿ. ಗಣಿಯ ಸದ್ದಿನಿಂದ ಅಪ್ಪನಿಗೆ ಆಗಿರುವುದೂ ಮಗಳಿಗೆ ಬರುವಂಥದ್ದಲ್ಲ. ‘ಅಪ್ಪನಿಗೂ ಇದೆ, ಮಗಳಿಗೂ ಇದೆ, ವಂಶದ್ದೇ’ ಅಂತ ಜನ ಆಡಿಕೊಂಡರೆ ಹೀಗೆ ಹೇಳಿ. ಇದರ ಜೊತೆಗೆ ಇನ್ನೊಂದು ಮಾತು ಸೇರಿಸಲೇಬೇಕು. ನಮ್ಮ ಕೋಲಾರದ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲಿ ಕೊಟ್ಟು ತರುವುದು ಇನ್ನೂ ಇದೆ. ಹುಟ್ಟಿನಿಂದ ಬರುವ ಕಿವುಡಿನಲ್ಲಿ ವಂಶದ ಪಾತ್ರ ದೊಡ್ಡದು. ಅದರಲ್ಲಿ ಹೆಚ್ಚಿನವು ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದು, ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿದ್ದರೂ ಮಗುವಿನಲ್ಲಿ ಕಾಣಿಸಿಕೊಳ್ಳುವಂಥವು. ಇಬ್ಬರೂ ಒಂದೇ ವಂಶದವರಾದರೆ ಆ ಸಾಧ್ಯತೆ ಏರುತ್ತದೆ. ಕಿವಿ ಮಂದ ಇರುವ ಹುಡುಗಿಯನ್ನು ಹೊರಗೆ ಯಾರು ಮಾಡಿಕೊಳ್ಳುತ್ತಾರೆ ಅಂತ ಹೆದರಿ ಸಂಬಂಧದಲ್ಲೇ ತಳ್ಳಿಬಿಡುತ್ತಾರಲ್ಲ, ಅದನ್ನು ಕಂಡರೆ ನನಗೆ ತುಂಬ ಸಂಕಟ ಆಗುತ್ತದೆ. ನಿಮ್ಮ ಮನೆಯಲ್ಲಿ ಅಂಥ ಮಾತು ಎದ್ದರೆ ದಯವಿಟ್ಟು ಅಲ್ಲೇ ನಿಲ್ಲಿಸಿ.

ಬರುವ ದಿನ ಏನು ಮಾಡಬೇಕು? ಟಿ.ವಿ. ಆಫ್ ಮಾಡಿ. ಸೆಕೆ ಇಲ್ಲದಿದ್ದರೆ ಫ್ಯಾನ್ ಕೂಡ ನಿಲ್ಲಿಸಿ, ಇಲ್ಲ ಕಡಿಮೆ ಮಾಡಿ. ಕಿಟಕಿಯ ಬೆಳಕು ಬಂದವರ ಮುಖದ ಮೇಲೆ ಬೀಳುವ ಹಾಗೆ ಅವರನ್ನು ಕೂರಿಸಿ. ಅವರ ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಂಡು ತುಟಿ ಓದಲು ಆಗುವುದಿಲ್ಲ. ಮಗಳು ಅವರ ಎದುರಿಗೆ, ನಾಲ್ಕೈದು ಅಡಿಯೊಳಗೆ ಕೂರಲಿ. ತಲೆ ಎತ್ತಿ ನೋಡಿ ಮಾತಾಡಲಿ. ಜಡೆ ಹಾಕಿಕೊಳ್ಳಲಿ, ಹೂ ಮುಡಿಯಲಿ, ಮಿಷನ್ ಕಂಡರೆ ಕಾಣಲಿ. ಮೊದಲ ಮಾತು ಅವಳೇ ಆಡಿದರೆ ಇನ್ನೂ ಒಳ್ಳೆಯದು: ‘ನನಗೆ ಕಿವಿ ಸ್ವಲ್ಪ ಮಂದ, ಎದುರಿಗೆ ನೋಡಿ ಮಾತಾಡಿದರೆ ಚೆನ್ನಾಗಿ ಗೊತ್ತಾಗುತ್ತೆ’ ಅಂತ. ಆಮೇಲೆ ನೀವು ಸುಮ್ಮನೆ ಕೂತು ಗಮನಿಸಿ. ಕೆಲವರು ತಕ್ಷಣ ಮುಖ ಈ ಕಡೆ ತಿರುಗಿಸಿ ನಿಧಾನವಾಗಿ ಮಾತಾಡುತ್ತಾರೆ. ಕೆಲವರು ಅವಳನ್ನು ಬಿಟ್ಟು ಅವಳ ಪ್ರಶ್ನೆಯನ್ನೂ ನಿಮ್ಮನ್ನೇ ಕೇಳುತ್ತಾರೆ. ಯಾರ ಮನೆಗೆ ಕೊಡಬಹುದು ಅಂತ ಅಲ್ಲೇ ಗೊತ್ತಾಗುತ್ತದೆ. ಅವಳ ಪರವಾಗಿ ನೀವು ಉತ್ತರ ಕೊಡಬೇಡಿ. ಇದು ತಾಯಂದಿರಿಗೆ ಕಷ್ಟ, ಆದರೂ ತಡೆದುಕೊಳ್ಳಿ.

ಇನ್ನು ನಿಮ್ಮ ಯಜಮಾನರು. ನನಗೆ ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ತಾಕಿದ್ದು ಇವರ ವಿಷಯ. ಮಗಳ ಮಿಷನ್ ಬಿಚ್ಚಿಸಿದ ಮನುಷ್ಯನಿಗೇ ಮಿಷನ್ ಬೇಕಾಗಿದೆ. ಮಗಳದ್ದನ್ನು ಒಪ್ಪಿಕೊಂಡರೆ ತಮ್ಮದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ ಅನ್ನುವ ಅಂಜಿಕೆ ಒಳಗೆ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಕೆಜಿಎಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಲ್ಲಿನ ಗಟ್ಟಿ ಬಂಡೆಗೆ ಗಾಳಿ ಒತ್ತಡದ ಡ್ರಿಲ್ ಹಿಡಿದು ನಿಲ್ಲುವುದು ಅಂದರೆ 100 ಡೆಸಿಬೆಲ್‌ಗೂ ಮೀರಿದ ಸದ್ದಿನಲ್ಲಿ, ಆ ಸದ್ದು ಚದುರಲು ಜಾಗವೇ ಇಲ್ಲದ ಸುರಂಗದಲ್ಲಿ ನಿಲ್ಲುವುದು. ಕಾರ್ಖಾನೆಗಳಿಗೆ ನಮ್ಮ ದೇಶದ ನಿಯಮದ ಪ್ರಕಾರ ದಿನಕ್ಕೆ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ. 85 ದಾಟಿದರೇ ಕಿವಿಗೆ ಅಪಾಯ ಅಂತ ತಜ್ಞರು ಹೇಳುತ್ತಾರೆ. ಗಣಿ 2001ರಲ್ಲಿ ಮುಚ್ಚಿತು, ಆದರೆ ಸತ್ತ ಕೋಶಗಳು ವಾಪಸ್ ಬರಲಿಲ್ಲ. ಅದರ ಮೇಲೆ ವಯಸ್ಸೂ ಸೇರಿಕೊಂಡಿತು. ಸದ್ದಿನಿಂದ ಹಾಳಾದ ಕಿವಿಯ ಆಡಿಯೋಗ್ರಾಂ ನೋಡಿದರೆ ಗೆರೆ 4000 ಹರ್ಟ್ಸ್ ಅನ್ನುವ ಕೀರಲು ಸದ್ದಿನ ಹತ್ತಿರ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದು ಮತ್ತೆ ಸ್ವಲ್ಪ ಮೇಲೆ ಬರುತ್ತದೆ. ಗಣಿ, ಕ್ರಷರ್, ಮಿಲ್ಲುಗಳಲ್ಲಿ ದುಡಿದವರದ್ದು ಆ ಗುಂಡಿಯಿಂದಲೇ ಗೊತ್ತಾಗಿಬಿಡುತ್ತದೆ. ವಯಸ್ಸಾದ ಹಾಗೆ ಆ ಗುಂಡಿ ಅಗಲವಾಗುತ್ತಾ ಹೋಗುತ್ತದೆ. ಅವರಿಗೆ ಆ ಗೆರೆಯನ್ನು ತೋರಿಸಿ ‘ಇದು ನೀವು ದುಡಿದಿದ್ದಕ್ಕೆ ಬಿದ್ದ ಗುರುತು’ ಅಂತ ಹೇಳಬೇಕು ಅನ್ನುವುದು ನನ್ನ ಆಸೆ. ಕಿವಿ ಮಂದವಾದರೆ ಮುದಿತನ, ಕೈಲಾಗದತನ ಅಂತ ಅವರು ಅಂದುಕೊಂಡಿದ್ದಾರೆ. ಅವರ ಕಿವಿ ಹೋಗಿದ್ದು ದುಡಿಯುವ ವಯಸ್ಸಿನಲ್ಲಿ, ಮನೆ ಸಾಕುವಾಗ.

‘ನಿಮಗೆ ಕಿವುಡು, ಬನ್ನಿ ತೋರಿಸೋಣ’ ಅಂತ ಎಲ್ಲರ ಮುಂದೆ ಹೇಳಬೇಡಿ. ಕಿರುಚಿ ಮಾತಾಡಬೇಡಿ. ಇಂಥ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸುವುದಿಲ್ಲ, ಜೋರು ಸದ್ದು ಮಾತ್ರ ಬೇಗ ಸಿಡಿದಂತಾಗುತ್ತದೆ. ‘ಏನು?’ ಅನ್ನುತ್ತಾರೆ, ಜೋರಾಗಿ ಹೇಳಿದರೆ ‘ಯಾಕೆ ಅರಚ್ತೀಯ’ ಅನ್ನುತ್ತಾರೆ. ಎರಡೂ ನಿಜವೇ. ಹತ್ತಿರ ಹೋಗಿ, ಹೆಸರು ಹಿಡಿದೋ ಭುಜ ಮುಟ್ಟಿಯೋ ಕರೆದು, ಮುಖ ತೋರಿಸಿ, ಸ್ವಲ್ಪ ನಿಧಾನವಾಗಿ ಹೇಳಿ. ಅಡುಗೆಮನೆಯಿಂದ ಕೂಗಿ ಹೇಳುವುದನ್ನು ಪೂರ್ತಿ ಬಿಟ್ಟುಬಿಡಿ. ಮನೆಯ ಅರ್ಧ ಜಗಳ ಅದರಿಂದಲೇ ನಿಲ್ಲುತ್ತದೆ.

ಅವರು ಮುಂದೂಡುತ್ತಿರುವುದಕ್ಕೆ ನಾನು ಚಿಂತೆ ಮಾಡುವುದು ಇನ್ನೊಂದು ಕಾರಣಕ್ಕೆ. ಕೇಳಿಸದವರು ಮೆಲ್ಲಗೆ ಜನರಿಂದ ದೂರ ಸರಿಯುತ್ತಾರೆ. ಮೊದಲು ಮದುವೆ ಮನೆಗೆ ಹೋಗುವುದಿಲ್ಲ, ಆಮೇಲೆ ಅರಳಿಕಟ್ಟೆಗೂ ಇಲ್ಲ. ನಡುವಯಸ್ಸಿನಲ್ಲಿ ಬರುವ ಕಿವುಡು ಮುಂದೆ ಮರೆವಿನ ಕಾಯಿಲೆಗೆ ದಾರಿ ಮಾಡುವ, ತಡೆಯಬಹುದಾದ ಕಾರಣಗಳಲ್ಲಿ ದೊಡ್ಡದೊಂದು ಅಂತ ವೈದ್ಯಲೋಕ ಈಗ ಒಪ್ಪುತ್ತದೆ. 2023ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 70 ದಾಟಿದವರನ್ನು ಮೂರು ವರ್ಷ ನೋಡಿದರು. ಎಲ್ಲರಲ್ಲೂ ಮಿಷನ್ನಿನಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಜಾಸ್ತಿ ಇದ್ದವರ ಗುಂಪಿನಲ್ಲಿ ಬುದ್ಧಿಶಕ್ತಿ ಕುಗ್ಗುವುದು ಹತ್ತಿರ ಹತ್ತಿರ ಅರ್ಧದಷ್ಟು ನಿಧಾನವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಮಿಷನ್ನಿನಿಂದ ಉಪಯೋಗ ಆಗಬಹುದಾದ 100 ಜನರಲ್ಲಿ ಹಾಕುವವರು ಬರೀ 17. ದುಡ್ಡು, ದೂರ ಎಲ್ಲ ಕಾರಣವೇ, ಆದರೆ ನಾಚಿಕೆಯ ಪಾಲೂ ಅದರಲ್ಲಿ ಇದೆ.

ಖರ್ಚಿನ ಬಗ್ಗೆ ಹೆದರಬೇಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಮೊದಲು ತೋರಿಸಿ. ಬಡ ಕುಟುಂಬಗಳಿಗೆ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಮಿಷನ್ ಸಿಗುತ್ತದೆ. ಆದಾಯ ಪ್ರಮಾಣಪತ್ರ, ಅಂಗವಿಕಲರ ಯುಡಿಐಡಿ ಕಾರ್ಡ್ ಕೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ದೊಡ್ಡದು. ಮಗಳ ಪರೀಕ್ಷೆಯನ್ನು ಒಮ್ಮೆ ಅಲ್ಲಿ ಮಾಡಿಸಿದರೆ ಒಳ್ಳೆಯದು. ಹೊರಗೆ ಕೊಳ್ಳುವುದಾದರೆ ಮಿಷನ್ನಿಗೆ ಜಿಎಸ್‌ಟಿ ಇಲ್ಲ ಅನ್ನುವುದು ನೆನಪಿರಲಿ. ಅಂಗಡಿಯಲ್ಲಿ ಕೈಗೆ ಕೊಟ್ಟಿದ್ದನ್ನು ಅಥವಾ ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಬರುವುದನ್ನು ತರಬೇಡಿ. ಅವು ಎಲ್ಲ ಸದ್ದನ್ನೂ ಒಂದೇ ಸಮ ಎತ್ತಿ ಕೊಡುತ್ತವೆ. ಅದನ್ನು ಹಾಕಿಕೊಂಡು ಎರಡು ದಿನದಲ್ಲಿ ‘ಇದೆಲ್ಲ ಸುಳ್ಳು’ ಅಂತ ಬೀರುವಿಗೆ ಸೇರಿಸಿದವರು ತುಂಬ ಜನ. ಆಡಿಯೋಗ್ರಾಂಗೆ ತಕ್ಕ ಹಾಗೆ ಕಂಪ್ಯೂಟರಿನಲ್ಲಿ ಹೊಂದಿಸಿ, ಎರಡು ಮೂರು ವಾರಕ್ಕೊಮ್ಮೆ ತಿದ್ದಿಸಬೇಕು. ಮೊದಲ ಕೆಲವು ವಾರ ನಲ್ಲಿ ನೀರಿನ ಸದ್ದು, ಪೇಪರಿನ ಸದ್ದೂ ಕಿರಿಕಿರಿ ಆಗುತ್ತದೆ. ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಲಿ. ಇದನ್ನೆಲ್ಲ ಅವರಿಗೆ ನಿಮ್ಮ ಮಗಳಿಗಿಂತ ಚೆನ್ನಾಗಿ ಹೇಳಿಕೊಡುವವರು ಯಾರೂ ಇಲ್ಲ. ಅಪ್ಪ ಮಗಳ ಹತ್ತಿರ ‘ಅವತ್ತು ನಾನು ಹಾಗೆ ಮಾಡಬಾರದಿತ್ತು’ ಅಂತ ಒಂದು ಮಾತು ಆಡಲಿ, ಅದಕ್ಕೆ ನೀವು ಕಾಯಿರಿ. ನಡುವೆ ನಿಂತು ಬಲವಂತ ಮಾಡಬೇಡಿ.

ಪರೀಕ್ಷೆಗೆ ಇಬ್ಬರೂ ಒಂದೇ ದಿನ ಹೋಗಿ. ಮಗಳಿಗೆ ಹೇಗೂ ವರ್ಷಕ್ಕೊಮ್ಮೆ ಮಾಡಿಸಬೇಕು, ‘ಅವಳ ಜೊತೆ ನೀವೂ ಬನ್ನಿ’ ಅಂದರೆ ಅವರಿಗೂ ಸಲೀಸು. ಗುಗ್ಗೆ ಕಟ್ಟಿಕೊಂಡಿದ್ದರೆ ಮೊದಲು ಡಾಕ್ಟರ ಹತ್ತಿರ ತೆಗೆಸಿ, ಹೇರ್‌ಪಿನ್ನು, ಬೆಂಕಿಕಡ್ಡಿ ಹಾಕಬೇಡಿ. ಹಿಂದಿನ ದಿನ ಸಂಜೆಯಿಂದ ಯಜಮಾನರು ಜೋರು ಟಿ.ವಿ., ಮೈಕು, ಮೋಟಾರಿನ ಸದ್ದಿನಿಂದ ದೂರ ಇರಲಿ. ಇಲ್ಲದಿದ್ದರೆ ಕಿವಿ ದಣಿದು ರಿಪೋರ್ಟು ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ. ಮಗಳ ಹಳೆಯ ಆಡಿಯೋಗ್ರಾಂಗಳು, ಈಗಿನ ಮಿಷನ್ನಿನ ಬಿಲ್ಲು ಎರಡನ್ನೂ ತೆಗೆದುಕೊಂಡು ಹೋಗಿ.